ಐದನೆಯ ಹೆಸರು

ಮಧುಗಿರಿ
22-9-2024, ಭಾನುವಾರ

ನನ್ನ ಅರುಣನಿಗೆ,

ಅಮ್ಮನ ಆಶೀರ್ವಾದ. ಹುಷಾರಾಗಿದ್ದೀಯೇನಪ್ಪ? ಕ್ಯಾತಗಾನಚೆರ್ಲಿನ ಬಿಸಿಲಿಗೆ ಮೂಗಿನಿಂದ ರಕ್ತ ಬರುತ್ತಿಲ್ಲ ತಾನೆ? ಸೋಲಾರ್ ಪಾರ್ಕಿನಲ್ಲಿ ವಾಚ್‌ಮನ್ ಕೆಲಸಕ್ಕೆ ಸೇರಿದೆಯೆಂದು ನಿನ್ನ ಸೋದರಮಾವ ಹೇಳಿದ. ನೀನಂತೂ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ಕದಿರಯ್ಯ ಬದುಕಿದ್ದಾನೆ. ಬಲಗಣ್ಣು ಹೋಯಿತು. ದವಡೆಗೆ ತಂತಿ ಹಾಕಿದ್ದಾರೆ, ನಳಿಕೆಯಲ್ಲಿ ಗಂಜಿ. ಗುರುವಾರ ಬಡವನಹಳ್ಳಿ ಸಂತೆಯಲ್ಲಿ ಎಂದಿನಂತೆ ನಮ್ಮ ವಾರಪತ್ರಿಕೆಯನ್ನು ಹಮಾಲಿಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ನಾನು ಪಕ್ಕದಲ್ಲೇ ಪತ್ರಿಕೆ ಮಾರುತ್ತಿದ್ದೆ. ನೀನು ಓಡಿಸುತ್ತಿದ್ದ ಮರಳು ಲಾರಿಗಳ ಸುದ್ದಿಗೆ ಬಂದಿದ್ದ ಅಷ್ಟೆ, ಮುಖಕ್ಕೆ ಟವೆಲ್ ಸುತ್ತಿಕೊಂಡ ಐದು ಜನ ನುಗ್ಗಿದರು. "ಓದ್ಲಾ, ಈಗ್ ಓದ್ಲಾ" ಎಂದು ಪತ್ರಿಕೆಯನ್ನೇ ಉಂಡೆ ಮಾಡಿ ಬಾಯಿಗೆ ತುರುಕಿದರು. ತುರುಕಿದ ಬಾಯಿಯ ಮೇಲೆ ಕಬ್ಬಿಣದ ರಾಡು. ಹಲ್ಲುಗಳು ಈರುಳ್ಳಿ ರಾಶಿಗೆ ಬಿದ್ದವು. ಅವನ ಹೆಂಡತಿ ರಂಗಕ್ಕ ಅವನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡಳು. "ಹೊಡ್ದೋರ್ ಕೈ ಸೇದೋಗ" ಎಂದು ಶಾಪ ಹಾಕಿದಳು. ನಾನೂ ಹಾಕಬೇಕೆಂದುಕೊಂಡೆ, ಬಾಯಿ ಬರಲಿಲ್ಲ.

ಪಕೋಡ ಕಟ್ಟುವ ಪೇಪರ್ ಎಂದು ನೀನು ಅಪ್ಪನನ್ನು ಛೇಡಿಸುತ್ತಿದ್ದೆಯಲ್ಲ, ನಿನ್ನ ತಾತ ಇದನ್ನು ಹತ್ತು ಪೈಸೆಗೆ ಶುರುಮಾಡಿದ ಕಾಲದಲ್ಲಿ ಕ್ವಾರಿಯ ಬಂಡೆ ಉರುಳಿದರೆ ದೊಡ್ಡ ಪತ್ರಿಕೆಗಳು "ಮೂವರು ಕೂಲಿಗಳ ಸಾವು" ಎಂದಷ್ಟೇ ಬರೆಯುತ್ತಿದ್ದವು. ತಾತ ಮೂವರ ಹೆಸರು, ಊರು, ಕ್ವಾರಿ ಯಾರದು ಎಂಬುದನ್ನೂ ಹಾಕಿದರು. ಆ ವಾರವೇ ಅವರ ಕಾಲು ಮುರಿದರು. ಮುಂದಿನ ವಾರ ಕಾಲು ಮುರಿದವರ ಹೆಸರೂ ಬಂತು. ಕೂಲಿಯವರು ಸಾಲು ನಿಂತು ಕೊಂಡರಂತೆ.

ಕದಿರಯ್ಯ ದನಿಯಿಂದಲೇ ಗುರುತು ಹಿಡಿದು ನಾಲ್ಕು ಹೆಸರು ಬರೆದುಕೊಟ್ಟಿದ್ದಾನೆ. ಐದನೆಯವನು ಮಾತಾಡಲಿಲ್ಲವಂತೆ, ಹಿಂದಿನಿಂದ ಇವನ ಕೈ ಹಿಡಿದಿದ್ದನಂತೆ. ಆದರೆ ಅವನು ಮಾತಾಡಿದ. ಬಿಡಿಸಲು ಹೋದ ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದ, "ಅಮ್ಮಾ, ಅತ್ಲಾಗೋಗು." ನಾನು ಅತ್ತ ಸರಿದೆ, ಅರುಣ. ರಾಡು ಬಿದ್ದದ್ದು ಆಮೇಲೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ದೇವರು ನಿನ್ನನ್ನು ಕಾಯಲಿ.

ಹೆತ್ತವಳು,
ಗಂಗಲಕ್ಷ್ಮಮ್ಮ

ಇನ್ನೊಂದು ಮಾತು: ನಿಮ್ಮಪ್ಪನಿಗೆ ನಾನು ಏನೂ ಹೇಳಿಲ್ಲ. ಅವರು ನಾಲ್ಕು ಹೆಸರಿನ ಅಚ್ಚುಮೊಳೆ ಜೋಡಿಸಿ ಊಟಕ್ಕೆ ಹೋದಾಗ ಐದನೆಯದನ್ನು ನಾನೇ ಜೋಡಿಸಿದೆ, ಅರುಣ್ ಕುಮಾರ್ ಬಿನ್ ಚನ್ನಮಲ್ಲಯ್ಯ ಎಂದು. ಬುಧವಾರದೊಳಗೆ ನೀನಾಗಿಯೇ ಠಾಣೆಗೆ ಹೋಗು ಮಗನೇ. ಹೋದರೂ, ಹೋಗದಿದ್ದರೂ, ಗುರುವಾರ ಸಂತೆಯಲ್ಲಿ ನಾನೇ ಓದುತ್ತೇನೆ.