ತಪಸ್ಸಿನ ಕಾಲಕ್ಕೆ ಬಿಟ್ಟದ್ದು

ಮಾರ್ಚ್ 5, ಬುಧವಾರ

ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಸಿದ್ಧಕಟ್ಟೆಯಿಂದ ಅದೇ ಬಸ್ಸು. ಮೂಡುಬಿದಿರೆಯಲ್ಲಿ ಇಂಟರ್ನೆಟ್ ಕಂಪನಿಯ ದೂರು ಕೇಳುವ ಆಫೀಸಿನಲ್ಲಿ ಹೆಡ್‌ಸೆಟ್ ಹಾಕುವ ಮೊದಲೇ ಪಕ್ಕದ ಸೀಟಿನ ಸುರಕ್ಷಾ: "ಹಣೆಗೆ ಮಸಿ ತಾಗಿದೆ ಮಾರಾಯ್ತಿ, ಒರೆಸು."

"ಮಸಿಯಲ್ಲ, ಬೂದಿ. ಇವತ್ತಿನಿಂದ ನಮಗೆ ತಪಸ್ಸಿನ ಕಾಲ. ಈಸ್ಟರ್‌ವರೆಗೆ ಏನಾದರೂ ಬಿಡಬೇಕು."

"ನನ್ನನ್ನು ಬಿಡಬೇಡ, ಆಯ್ತಾ?"

ಮ್ಯಾನೇಜರ್ ರಿಷಭ್ ಸರ್ ಕೇಳಿಸಿಕೊಂಡರು. "ಒಳ್ಳೆಯದು. ನಮ್ಮ ಜೈನರಲ್ಲೂ ಹೀಗೆ ಬಿಡುವುದು ಉಂಟು. ನೋಡಿ ಸುರಕ್ಷಾ, ಅದಕ್ಕೇ ಇವರು ಇಷ್ಟು ಶಾಂತ."

ಶಾಂತ! ಜನವರಿಯಿಂದ ಮಾತ್ರೆ ನುಂಗುತ್ತಿದ್ದೇನೆ. ಫೋನ್ ರಿಂಗಾದರೆ ಎದೆ ಬಡಿದುಕೊಳ್ಳುವುದಕ್ಕೆ. ಮಮ್ಮಿಗೆ ಹೇಳಿದ್ದು ಗ್ಯಾಸ್ಟ್ರಿಕ್ ಎಂದು.

ಮಮ್ಮಿ ಮಾಂಸ ಬಿಟ್ಟಳು. ನಾನು... ಮಾತ್ರೆ ಬಿಟ್ಟೆ. ಉಳಿದದ್ದನ್ನು ಮನೆಯ ದೇವರ ಪೀಠದಲ್ಲಿ, ಅಲ್ತಾರಿನಲ್ಲಿ, ಶಿಲುಬೆಯ ಹಿಂದೆ ಇಟ್ಟೆ. ಇನ್ನು ನೀನೇ ನೋಡಿಕೊ, ದೇವರೇ.

ಮಾರ್ಚ್ 9, ಆದಿತ್ಯವಾರ

ನಿದ್ದೆಯಿಲ್ಲ. ಎಂ.ಎ. ಕನ್ನಡ ಮಾಡಿದವಳಿಗೆ ಪ್ರಾರ್ಥನೆಗೆ ಒಂದು ವಾಕ್ಯ ಹೊಳೆಯುತ್ತಿಲ್ಲ. ಬೇಕು, ಬೇಕು — ಅಷ್ಟೇ. ಯಾವುದು ಬೇಕು? ದೇವರಾ, ಮಾತ್ರೆಯಾ?

ಮಾರ್ಚ್ 12

ಬಸ್ಸಿನ ಹಾರ್ನ್ ಕೂಡ ರಿಂಗ್ ಆದ ಹಾಗೆ.

ಮಾರ್ಚ್ 21, ಶುಕ್ರವಾರ

ಕಕ್ಕಿಂಜೆಯಿಂದ ಮೂಸಾ ಎಂಬವರ ಕಾಲ್. ಮನೆಯಲ್ಲಿ ಇಂಟರ್‌ನೆಟ್ ಇಲ್ಲ, ಮಗಳ ಆನ್‌ಲೈನ್ ಪರೀಕ್ಷೆ ತಪ್ಪಿತು. ಬೈದರು. "ಸರಿ ಸರ್, ಕಂಪ್ಲೇಂಟ್ ಬರೆದುಕೊಂಡೆ ಸರ್" ಅನ್ನುತ್ತಿದ್ದೇನೆ ಎಂದುಕೊಂಡಿದ್ದೆ. ಬಾಯಿಂದ ಬರುತ್ತಿದ್ದುದು ಜಪಸರದ ಪ್ರಾರ್ಥನೆ, "ನಮೋ ಮರಿಯಾ, ನಮೋ ಮರಿಯಾ..."

ಬೈಗುಳ ನಿಂತಿತು.

"ಮೇಡಂ, ನೀವು ಅಳುವುದಾ? ನೆಟ್ ನಾಳೆ ಬರಲಿ ಮಾರಾಯ್ರೆ. ನೀವು ಮೊದಲು ಸ್ವಲ್ಪ ನೀರು ಕುಡಿಯಿರಿ."

ಎಲ್ಲ ಕಾಲ್ ರೆಕಾರ್ಡ್ ಆಗುತ್ತದೆ. ರಿಷಭ್ ಸರ್ ಕೇಳಿಯೇ ಕೇಳುತ್ತಾರೆ. ಕೆಲಸ ಹೋಗುತ್ತದೆ.

ಮಾರ್ಚ್ 22, ಶನಿವಾರ

ಪಾಪನಿವೇದನೆಗೆ ಹೋದೆ. "ಫಾದರ್, ತ್ಯಾಗ ಮುರಿಯುವ ಆಸೆ. ಬೆಳಿಗ್ಗೆ ಏಳುವುದೇ ಬೇಡ ಅನಿಸುತ್ತದೆ."

"ಏನು ಬಿಟ್ಟಿದ್ದಿ ಮಗಳೇ?"

ಹೇಳಿದೆ. ಗ್ಯಾಸ್ಟ್ರಿಕ್ ಎಂಬ ಸುಳ್ಳನ್ನೂ. ಜಾಲರಿಯ ಆಚೆಯಿಂದ ಫಾದರ್ ಎಂದರು:

"ನನಗೆ ಬಿ.ಪಿ. ಉಂಟು. ಮಾತ್ರೆ ಬಿಟ್ಟು ಪೂಜೆಗೆ ನಿಂತರೆ ಅಲ್ತಾರಿನ ಮುಂದೆಯೇ ಬೀಳ್ತೇನೆ. ಅದು ತ್ಯಾಗವಾ?" ಆಮೇಲೆ ಮೆತ್ತಗೆ, "ನಿನ್ನ ಪ್ರಾಯಶ್ಚಿತ್ತ — ಸೋಮವಾರ ಡಾಕ್ಟರ ಹತ್ತಿರ ಹೋಗು. ಕೇಳಿದವರಿಗೆ ಸುಳ್ಳು ಹೇಳಬೇಡ."

ಹತ್ತು ಜಪಸರ ಕೊಟ್ಟಿದ್ದರೆ ಸುಲಭವಿತ್ತು.

ಮಾರ್ಚ್ 24, ಸೋಮವಾರ. ಆಫೀಸ್

ಬಿ.ಸಿ. ರೋಡಿನ ಡಾಕ್ಟರು ಮಧ್ಯಾಹ್ನದವರೆಗೆ ಮಾತ್ರ. ರಜೆ ಕೇಳಿದೆ.

"ಆ ಕಾಲ್ ಕೇಳಿದೆ" ಎಂದರು ರಿಷಭ್ ಸರ್. "ಎಂತ ಆಗಿದೆ ನಿಮಗೆ? ಒಳಗೆ ಕೂತಿರಿ, ಬರ್ತೇನೆ."

ಅವರ ಕ್ಯಾಬಿನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಗಾಜಿನಾಚೆಯಿಂದ ಸುರಕ್ಷಾ ಸನ್ನೆ ಮಾಡುತ್ತಾಳೆ — ಏನು? ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತೇನೆ. ಸರ್, ನಾನು ಶಾಂತಳಲ್ಲ. ಸರ್, ನನಗೆ ಹೊಟ್ಟೆ... ಅಲ್ಲ. ನಾಲಿಗೆಗೆ ಅದೇ ಸುಳ್ಳು ಬರುತ್ತದೆ. ದೇವರೇ, ಒಂದೇ ಒಂದು ನಿಜವಾದ ವಾಕ್ಯ ಕೊಡು.

ಬಾಗಿಲು. ಬಂದರು. ಗ್ಯಾಸ್ಟ್ರಿಕ್ ಎನ್ನಬಾರದು, ಗ್ಯಾಸ್ಟ್ರಿಕ್ ಎಂದು ಮಾತ್ರ ಹೇಳಬಾರದು —