ಮಧ್ಯದ ದನಿ ತೆಗಿ

೫ ನವೆಂಬರ್ ೨೦೨೪, ಮಂಗಳವಾರ
ಬೆಳಿಗ್ಗೆ ಮತ್ತೆ ಫ್ಯೂಗ್ ಅಭ್ಯಾಸ. ಮೂರು ದನಿ, ಹತ್ತು ಬೆರಳು. ಒಂದು ಹೇಳಿದ್ದನ್ನು ಇನ್ನೊಂದು ಹಿಡಿದುಕೊಳ್ಳುತ್ತದೆ, ಮೂರನೆಯದು ನಡುವೆ ಬಾಯಿ ಹಾಕುತ್ತದೆ. ಅಡುಗೆಮನೆಯಿಂದ ಅಮ್ಮ: "ಕೀಬೋರ್ಡ್ ಹಾಳಾಗಿದಾ, ಅಲ್ಲ ಅದು ಹಾಗೇ ಉಂಟಾ?"
ಅದು ಹಾಗೆಯೇ. ರೂಪ ಹಳೆಯದು, ಬರೆದದ್ದು ಈಗಿನ ಕಾಲದವರು.
ಹದಿನೇಳಕ್ಕೆ ಬಲ್ಮಠದಲ್ಲಿ ಪ್ರೋಗ್ರಾಂ. ನಾನು, ನನ್ನ ಜೊತೆ ಕಲಿಯುವ ಗೇವಿನ್. ಚೆನ್ನಾಗಿ ನುಡಿಸಿದ ಒಬ್ಬರನ್ನು ನಮಗೆ ಪಿಯಾನೋ ಕಲಿಸುವ ಅಪೊಲೋನಿಯಾ ಟೀಚರ್ ಡಿಪ್ಲೊಮಾ ಪರೀಕ್ಷೆಗೆ ಕಳಿಸುತ್ತಾರೆ. ನಾನಲ್ಲದಿದ್ದರೆ ಮಾವನ ಐಸ್ ಪ್ಲಾಂಟಿನ ಆಫೀಸಿನಲ್ಲಿ ಕೆಲಸ. ಪಿಯುಸಿ ಬಿಟ್ಟವಳಿಗೆ ಅಪ್ಪ ಕೊಟ್ಟ ಕೊನೆಯ ಅವಕಾಶ ಈ ಪರೀಕ್ಷೆ.

೭ ನವೆಂಬರ್, ಗುರುವಾರ
ಕ್ಲಾಸಿಗೆ ಹೋದಾಗ ಟೀಚರೂ ಗೇವಿನ್ನೂ ಕೊಂಕಣಿಯಲ್ಲಿ ಏನೋ ಹೇಳಿ ನಗುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು.
ನಾನು ನುಡಿಸಿ ಮುಗಿಸುವ ಮೊದಲೇ ಟೀಚರ್ ಬ್ಯಾಗ್ ಹಿಡಿದು ಎದ್ದರು. "ಎರಡನೇ ಪುಟದಲ್ಲಿ ಮಧ್ಯದ ದನಿ ತೆಗಿ ಮೋಕ್ಷಾ. ತಂಗಿ ಮಗಳ ಮದುವೆ ಉಂಟು, ಇನ್ನು ಪ್ರೋಗ್ರಾಂ ದಿನವೇ ಸಿಗುವ."
ತೆಗೆಯಬೇಕಂತೆ. ಇವಳಿಗೆ ಎರಡು ದನಿ ಸಾಕು ಎಂದೇ? ಗೇವಿನ್‌ಗೆ ಮಾತ್ರ ಮೂರೂ... ಕೇಳಲಿಲ್ಲ. ಯಾಕೆ ಕೇಳಲಿ.

೧೪ ನವೆಂಬರ್
ತೆಗೆದೆ. ಆಮೇಲೆ ನನ್ನ ತಪ್ಪು ಅನ್ನಬಾರದು. ಈಗ ಬೆರಳು ಆ ದನಿಯನ್ನು ಹುಡುಕುವುದೂ ಇಲ್ಲ. ಫ್ಯೂಗ್ ಹಲ್ಲು ಬಿದ್ದ ಬಾಯಿಯಂತೆ. ಅಮ್ಮನಿಗೆ ಖುಷಿ: "ಈಗ ಕೇಳ್ಲಿಕ್ಕೆ ಆಗ್ತದೆ."

೧೭ ನವೆಂಬರ್, ಆದಿತ್ಯವಾರ, ಸಂಜೆ ೫
ಖಾಲಿ ಹಾಲ್‌ನಲ್ಲಿ ಒಮ್ಮೆ ನುಡಿಸಿದೆ. ಟೀಚರ್ ಕೈ ಅಡ್ಡ ಹಿಡಿದರು.
"ಮಧ್ಯದ್ದು ಎಲ್ಲಿ?"
"ನೀವೇ ತೆಗಿ ಅಂದ್ರಿ."
"ತೆಗಿ ಅಂದ್ರೆ ಹೊರಗೆ ತೆಗಿ ಮಾರಾಯ್ತಿ. ಜನರಿಗೆ ಎದ್ದು ಕೇಳುವ ಹಾಗೆ."
ಗೇವಿನ್ ನಕ್ಕ. "ಟೀಚರ್ ಕೊಂಕಣಿಯಲ್ಲಿ ಯೋಚನೆ ಮಾಡಿ ಕನ್ನಡದಲ್ಲಿ ಹೇಳುವುದಲ್ವಾ."
"ನನ್ನನ್ನು ಬೀಳಿಸ್ಲಿಕ್ಕೆ ಮಾಡಿದ್ದು ಅಂತ ಗ್ರಹಿಸಿದ್ದೆ" ಅಂದೆ. ಇದ್ದದ್ದನ್ನು ಇದ್ದ ಹಾಗೆ.
ಟೀಚರ ಮುಖ ಸಣ್ಣದಾಯಿತು. "ಗೇವಿನ್, ನೀನು ಮೊದಲು ಹೋಗು" ಅಂದರು.
ಮೊದಲು ನುಡಿಸಬೇಕಾದವಳು ನಾನು. ಈಗ ಅವನು. ಅಂದರೆ, ಅವನು ಮುಗಿಸುವವರೆಗೆ ನನಗೆ ಸಮಯ—

ಸಂಜೆ ೬.೪೦
ಹಿಂದಿನ ಕೋಣೆ. ಮೇಜಿನ ಮೇಲೆ ಬೆರಳಾಡಿಸುತ್ತೇನೆ. ನಡುನಡುವೆ ಬರೆಯುತ್ತೇನೆ. ಮಧ್ಯದ ದನಿ, ಮೊದಲ ಸಾಲು ಬಂತು. ಇನ್ನೆರಡು ಸಾಲು ಬೇಕು. ಸಮಯ ಇಲ್ಲ.
ಗೇವಿನ್ ಇಷ್ಟರಲ್ಲಿ ಮುಗಿಸಬೇಕಿತ್ತು. ಮುಗಿಸಿಲ್ಲ. ಯಾವತ್ತೂ ಹಾರಿಸುವ ರಿಪೀಟ್‌ಗಳನ್ನೆಲ್ಲ ಎರಡೆರಡು ಸಲ ನುಡಿಸುತ್ತಿದ್ದಾನೆ. ಜಂಬ.
ಈಗ ಫ್ಯೂಗಿಗೆ ಮುನ್ನ ಬರುವ ಪ್ರಿಲ್ಯೂಡನ್ನೇ ಇನ್ನೊಮ್ಮೆ. ಜನ ಕೆಮ್ಮುತ್ತಿದ್ದಾರೆ. ಹೀಗೆ ಎಳೆದರೆ ಕೆಡುವುದು ಅವನದ್ದೇ. ಅವನಿಗೆ ಗೊತ್ತಿಲ್ಲವೇ?
ಗೊತ್ತುಂಟು. ನನಗೆ ಸಮಯ ಬೇಕೆಂದೂ ಗೊತ್ತುಂಟು.
ಎರಡನೇ ಸಾಲೂ ಬಂತು. ಅವನು ಇನ್ನೂ ನುಡಿಸುತ್ತಿದ್ದಾನೆ.