ಹೊರಗೂಡಿನ ನೇಮ

ಕೆಳಗೇರಿ, ಮಾಂಜ್ರಾ ದಂಡೆ
ಕೆಂಧೂಳಿ ಶಕೆ ಇನ್ನೂರ ಹದಿನೇಳು, ಹದಿಮೂರನೆಯ ತಿಂಗಳು

ಹೆಸರು ತಿಳಿಯದ ಹಿರಿಯರಿಗೆ,

ಮೇಲಿನ ತಾರೀಕು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಯಾರೋ ಕೆಲಸವಿಲ್ಲದವರು ಹುಡುಗಾಟಕ್ಕೆ ಬರೆದಿದ್ದಾರೆಂದು ಇದನ್ನು ಅಳಿಸಿಹಾಕಬೇಡಿ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹವನ್ನು ನಾನು ಹಳೆಯ ಹಾಳೆಗಳನ್ನು ಓದಿ ಕಲಿತವಳು, ಕಿವಿಯಿಂದ ಕೇಳಿದವಳಲ್ಲ. ಹೆಸರು ಜಗದೇವಿ. ನಮ್ಮ ಕೇರಿಯ ಮುದ್ರೆಗಾರ್ತಿ. ಅಂದರೆ ಯಾರ ಮನೆಯಲ್ಲಿ ಏನು ಬದಲಾದರೂ ಅದನ್ನು ಬರೆದು, ತಾರೀಕು ಹಾಕಿ, ಮುದ್ರೆ ಒತ್ತಿ ಕಾಪಿಡುವುದು ನನ್ನ ಕೆಲಸ. ಮುದ್ರೆಯ ಯಂತ್ರ ನಾವು ಕೊಟ್ಟ ತಾರೀಕನ್ನು ಪ್ರಶ್ನಿಸುವುದಿಲ್ಲ. ನಿಮ್ಮ ಕಾಲದ ತಾರೀಕು ಕೊಟ್ಟರೆ ಅದನ್ನೂ ಒಪ್ಪಿಕೊಳ್ಳುತ್ತದೆ. ಹಾಗಾಗಿ ಈ ಕಾಗದಕ್ಕೆ ನಿಮ್ಮ ಒಂದು ದಿನದ ತಾರೀಕಿನ ಮುದ್ರೆ ಒತ್ತಿ ನಿಮ್ಮ ಹಾಳೆಗಳ ನಡುವೆ ಸೇರಿಸುತ್ತಿದ್ದೇನೆ. ತಲುಪುತ್ತದೆಂಬ ಭರವಸೆ ನನಗಿಲ್ಲ. ಆದರೆ ಬೇರೆ ದಾರಿಯೂ ಉಳಿದಿಲ್ಲ.

ನೀವು ರೆಪಾಸಿಟರಿ ಎನ್ನುತ್ತಿದ್ದುದನ್ನು ನಾವು ಕಣಜ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಅದರೊಳಗೆ ಬರೀ ಪ್ರೋಗ್ರಾಮು ಇರುತ್ತಿತ್ತಂತೆ. ನಮ್ಮ ಕಾಲದಲ್ಲಿ ಅದರೊಳಗೆ ಮನೆ ಇದೆ. ನಾವು ವಾಸಿಸುವುದು ಜಂಬಿಟ್ಟಿಗೆ ಕಲ್ಲು ಕೊರೆದು ಮಾಡಿದ ಕೇರಿಗಳಲ್ಲಿ, ನೆಲದ ಕೆಳಗೆ. ಮೇಲೆ ಕೆಂಧೂಳಿ ಏಳುತ್ತದೆ. ಎದ್ದಾಗ ಆಕಾಶ ಕಾಣುವುದಿಲ್ಲ, ಹೊರಗಿದ್ದವರು ಬದುಕುವುದಿಲ್ಲ. ಪ್ರತಿ ಕೋಣೆಗೂ ಒಂದು ಗಾಳಿಬಾಗಿಲು ಉಂಟು. ಅದು ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು, ಒಳಗೆ ಎಷ್ಟು ಗಾಳಿ ಬಿಡಬೇಕು ಎಂಬುದೆಲ್ಲ ಆ ಕೋಣೆಯ ಕಣಜದಲ್ಲಿ ಬರೆದಿರುತ್ತದೆ. ಹಾಗೆ ಬರೆದದ್ದಕ್ಕೆ ನಾವು ನೇಮ ಎನ್ನುತ್ತೇವೆ. ನೀವು ಸೆಟ್ಟಿಂಗ್ ಎನ್ನುತ್ತಿದ್ದಿರಿ. ಕೋಣೆಯ ಕಣಜ ಮನೆಯ ಕಣಜದೊಳಗೆ ಕೂತಿರುತ್ತದೆ, ಮನೆಯದು ಕೇರಿಯ ಕಣಜದೊಳಗೆ, ಕೇರಿಯದು ದಂಡೆಯ ಕಣಜದೊಳಗೆ. ಹೀಗೆ ಒಂದರ ಹೊಟ್ಟೆಯಲ್ಲಿ ಒಂದು. ಬೆಳಿಗ್ಗೆ ಎದ್ದು ರೊಟ್ಟಿ ತಟ್ಟುವ ಹೊತ್ತಿಗೆ ಬಾಗಿಲುಗಳೆಲ್ಲ ಸಣ್ಣಗೆ ಗುಂಯ್‌ಗುಟ್ಟುತ್ತವೆ. ಅದಕ್ಕೆ ಹೊಂದಾಣಿಕೆ ಎಂದು ಹೆಸರು. ಮೇಲಿನ ಕಣಜಗಳು ಕೆಳಗಿನವನ್ನು ಒಂದೊಂದಾಗಿ ಮುಟ್ಟಿ, ಎಲ್ಲ ನೆಟ್ಟಗಿದೆಯೇ ಎಂದು ನೋಡಿಕೊಳ್ಳುತ್ತವೆ. ಆ ಸದ್ದು ಕೇಳಿದ ಮೇಲೆಯೇ ನಮಗೆ ಬೆಳಗಾದಂತೆ. ಅದು ಕೇಳಿಸದೆ ಮಕ್ಕಳಿಗೆ ಹಾಲು ಕೊಡುವವರೂ ಇಲ್ಲ.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ಹೊರಗಿನ, ಅಂದರೆ ಮೇಲಿನ ಕಣಜದ ನೇಮ ಒಳಗಿನ ಕಣಜಕ್ಕೆ ತಾನಾಗಿ ಇಳಿಯುವುದಿಲ್ಲ. ನಿಮ್ಮ ಕಾಲದಲ್ಲೂ ಇಳಿಯುತ್ತಿರಲಿಲ್ಲ. ಪ್ರತಿ ಒಳಗಣಜಕ್ಕೂ ಅದದೇ ನೇಮಗಳನ್ನು ಮತ್ತೆ ಮತ್ತೆ ಬರೆದು ನಿಮಗೆ ಸಾಕಾಗಿರಬೇಕು. ಅದಕ್ಕೆ ನೀವು ಒಂದು ಉಪಾಯ ಮಾಡಿದಿರಿ. ಪ್ರತಿಯೊಂದರ ನೇಮದ ಹಾಳೆಯಲ್ಲಿ ಒಂದು ಸಾಲು ಸೇರಿಸಿದಿರಿ: ಒಂದು ಮೆಟ್ಟಿಲು ಮೇಲೆ ಯಾವ ಕಣಜವಿದೆಯೋ ಅದರ ನೇಮವನ್ನೂ ಓದಿಕೋ. ಅಷ್ಟೇ. ಬುದ್ಧಿವಂತಿಕೆಯ ಕೆಲಸ, ನಾನು ಇಲ್ಲವೆನ್ನುವುದಿಲ್ಲ. ಪಕ್ಕದಲ್ಲಿ ಒಂದು ಷರಾ ಬರೆದಿದ್ದೀರಿ, ಸದ್ಯಕ್ಕೆ ಇರಲಿ ಎಂದು. ಆಮೇಲೆ ಚಹಾಕ್ಕೆ ಎದ್ದಿರಬೇಕು. ಆ ಸಾಲು ಇವತ್ತಿಗೂ ಇದೆ. ಹೊಸ ಕಣಜಗಳೆಲ್ಲ ಹುಟ್ಟುವುದು ಒಂದು ಬೀಜಹಾಳೆಯಿಂದ, ಮತ್ತು ಬೀಜಹಾಳೆಯ ತುದಿಯಲ್ಲಿ ನಿಮ್ಮ ಸಾಲು ಕೂತಿದೆ. ನಿಮ್ಮನ್ನು ಹೆಸರು ಹಿಡಿದು ಕರೆಯೋಣವೆಂದರೆ ಅದೂ ಆಗದು. ಕೆಲಸ ಮಾಡಿದವರ ಹೆಸರನ್ನೂ ನೀವು ಅದೇ ನೇಮದಲ್ಲಿ ಹಂಚಿಬಿಟ್ಟಿದ್ದೀರಿ. ಅಂದಿನಿಂದ ಯಾರು ಏನು ಬದಲಿಸಿದರೂ ಮುದ್ರೆಯ ಕೆಳಗೆ ಬೀಳುವುದು ಒಂದೇ ಹೆಸರು, ಎಲ್ಲಕ್ಕೂ ಮೇಲಿನ ನಿಮ್ಮ ಕಣಜದ್ದು: ಹಿರಿಮನೆ. ನಾನು ಒತ್ತಿದ ಸಾವಿರಾರು ಮುದ್ರೆಗಳಲ್ಲಿ ಒಂದರಲ್ಲಿಯೂ ಜಗದೇವಿ ಎಂದಿಲ್ಲ.

ಸಾಲನ್ನು ಹಾಕಿದ್ದಕ್ಕೆ ನಾನು ಜಗಳಕ್ಕೆ ಬಂದಿಲ್ಲ. ಮೊದಲ ಧೂಳಿಯಲ್ಲಿ ಆ ಸಾಲು ಇದ್ದ ಕೇರಿಗಳು ಉಳಿದವು, ಪ್ರತಿ ಮನೆಯೂ ತನ್ನದೇ ನೇಮ ಎಂದು ಹಟ ಹಿಡಿದ ಕೇರಿಗಳು ಅಳಿದವು. ಮಕ್ಕಳಿಗೆ ನಾವು ಮೊದಲು ಕಲಿಸುವುದೇ ಆ ಕಥೆ. ನನ್ನ ಜಗಳ ಇರುವುದು ನೀವು ಅದನ್ನು ಹಾಕಿದ ಜಾಗದ ಬಗ್ಗೆ. ನೇಮದ ಹಾಳೆಯನ್ನು ಯಂತ್ರ ಮೇಲಿನಿಂದ ಕೆಳಗೆ ಓದುತ್ತದೆ. ಒಂದೇ ವಿಷಯಕ್ಕೆ ಎರಡು ಮಾತು ಸಿಕ್ಕರೆ ಕೊನೆಗೆ ಓದಿದ್ದನ್ನು ನಡೆಸುತ್ತದೆ. ನೀವು ನಿಮ್ಮ ಸಾಲನ್ನು ಹಾಳೆಯ ಕೊನೆಗೆ ಹಾಕಿದಿರಿ. ಆದ್ದರಿಂದ ಕೋಣೆಯ ಸ್ವಂತ ಮಾತು ಏನೇ ಇರಲಿ, ಮೇಲಿನವರು ಹೇಳಿದ್ದೇ ಕಡೆಯ ಮಾತು. ಇದು ಇಷ್ಟು ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೇಲಿನವರೂ ಕೆಳಗಿನವರೂ ಒಂದೇ ಮಾತು ಆಡುತ್ತಿರುವಾಗ ಯಾರ ಮಾತು ನಡೆಯಿತೆಂದು ಯಾರು ಕೇಳುತ್ತಾರೆ.

ನನ್ನ ಅಕ್ಕ ಮಹಾನಂದಾ ಹುಟ್ಟಿದಾಗಿನಿಂದ ಉಸಿರಿನ ತೊಂದರೆಯವಳು. ಅವಳ ಕೋಣೆಯ ನೇಮದಲ್ಲಿ ಅವ್ವ ತನ್ನ ಕೈಯಾರೆ ಬರೆದಿದ್ದಾಳೆ, ಧೂಳಿ ಬಂದರೂ ಗಾಳಿ ನಿಲ್ಲಿಸಬೇಡ, ಉಳಿದವರಿಗಿಂತ ಇವಳಿಗೆ ಹೆಚ್ಚು ಬಿಡು ಎಂದು. ನಮ್ಮ ಮನೆಯ ನೇಮದಲ್ಲಿ ಇದಕ್ಕೆ ಎದುರು ಮಾತು ಇರಲಿಲ್ಲವಾದ್ದರಿಂದ ಅಕ್ಕ ಅಲ್ಲಿ ಚೆನ್ನಾಗಿಯೇ ಬೆಳೆದಳು. ಹಾಡು ಹೇಳುತ್ತಿದ್ದಳು, ನನಗಿಂತ ಜೋರಾಗಿ ಬೈಯುತ್ತಿದ್ದಳು. ಈ ವರ್ಷ ಅವಳ ಮದುವೆಯಾಯಿತು. ನಮ್ಮಲ್ಲಿ ಮದುವೆಯೆಂದರೆ ಹುಡುಗಿಯ ಕಣಜ ತವರಿನಿಂದ ಎದ್ದು ಗಂಡನ ಮನೆಯಲ್ಲಿ ಕೂಡುವುದು. ಕಣಜ ಎಲೆಯಡಿಕೆ ಡಬ್ಬಿಯಷ್ಟು ದೊಡ್ಡದು. ಮದುಮಗಳು ಅದನ್ನು ಉಡಿಯಲ್ಲಿ ಜೋಳ, ಅರಿಸಿನದ ಜೊತೆಗೆ ಇಟ್ಟುಕೊಂಡು ಕೇರಿಯುದ್ದಕ್ಕೂ ನಡೆಯುತ್ತಾಳೆ. ಅತ್ತೆ ಆರತಿ ಎತ್ತಿ ಒಳಗೆ ಕರೆಯುತ್ತಾಳೆ. ಆದರೆ ಹೊಸ ಸೊಸೆಯ ಕಣಜವನ್ನು ಕೂಡಲೇ ಮನೆಯ ಕಣಜದೊಳಗೆ ಇಡುವ ವಾಡಿಕೆಯಿಲ್ಲ. ಒಂದು ವರ್ಷ ಪಕ್ಕದಲ್ಲಿ, ಹೊರಗೂಡಿನಲ್ಲಿ ಇರುತ್ತದೆ. ಅವಳ ಕೋಣೆಯೂ ಬೇರೆ, ಗಂಡನ ಕೋಣೆಯೂ ಬೇರೆ. ಎರಡು ಮನೆಯ ನೇಮಗಳು ಒಮ್ಮೆಲೇ ಬೆರೆತು ಜಗಳವಾಗದಿರಲಿ, ಇಬ್ಬರೂ ಒಬ್ಬರನ್ನೊಬ್ಬರು ಅರಿಯಲಿ ಎಂದು ಹಿರಿಯರು ಮಾಡಿದ ಏರ್ಪಾಟು. ಒಳ್ಳೆಯದೇ. ಎಲ್ಲರ ಮನೆಯಲ್ಲೂ ಹೊರಗೂಡಿನಿಂದ ಒಂದು ಮೆಟ್ಟಿಲು ಮೇಲೆ ಇರುವುದು ಕೇರಿ, ಮತ್ತು ಕೇರಿಯ ನೇಮದಿಂದ ಯಾರಿಗೂ ಕೇಡಾಗಿಲ್ಲ.

ಅಕ್ಕನ ಗಂಡ ಮಲ್ಕಪ್ಪನ ಮನೆಯವರು ಜೋಳದ ವ್ಯಾಪಾರಿಗಳು. ಅವರ ಮನೆಯಿರುವುದು ಅವರದೇ ದೊಡ್ಡ ಉಗ್ರಾಣದೊಳಗೆ. ಅವರ ಹೊರಗೂಡಿನಿಂದ ಒಂದು ಮೆಟ್ಟಿಲು ಮೇಲೆ ಹತ್ತಿದರೆ ಕೇರಿ ಸಿಗುವುದಿಲ್ಲ, ಉಗ್ರಾಣ ಸಿಗುತ್ತದೆ. ಮನೆಯೊಳಗಿನ ಕೋಣೆಗಳು ಒಂದೇ ಮೆಟ್ಟಿಲು ಹತ್ತಿ ಮನೆಯ ನೇಮವನ್ನಷ್ಟೇ ಓದುತ್ತವೆ, ಹಾಗಾಗಿ ಉಳಿದವರಿಗೆ ಅದರ ಬಿಸಿ ತಟ್ಟುವುದಿಲ್ಲ. ಉಗ್ರಾಣದ ನೇಮ ಕಾಳಿಗಾಗಿ ಬರೆದದ್ದು. ಧೂಳಿ ಎದ್ದಾಗ ಬಾಗಿಲು ಬಿಗಿ, ಒಳಗಿನ ಗಾಳಿಯನ್ನೆಲ್ಲ ಹೊರಗೆಳೆ. ಗಾಳಿಯಿಲ್ಲದೆ ನುಸಿ ಸಾಯುತ್ತದೆ, ಕಾಳು ಕೆಡುವುದಿಲ್ಲ. ಮದುವೆಯ ನಂತರ ಒಮ್ಮೆ ಧೂಳಿ ಎದ್ದಾಗ ಅಕ್ಕನ ಕೋಣೆ ನಿಮ್ಮ ಸಾಲಿನ ಪ್ರಕಾರ ಒಂದು ಮೆಟ್ಟಿಲು ಮೇಲೆ ನೋಡಿತು, ಓದಿಕೊಂಡಿತು, ವಿಧೇಯವಾಗಿ ನಡೆಯಿತು. ಅವ್ವನ ಮಾತು ಹಾಳೆಯ ಮೇಲೆ ಹಾಗೆಯೇ ಇತ್ತು. ಯಂತ್ರ ಅದನ್ನೂ ಓದಿತ್ತು, ಮೊದಲು ಓದಿತ್ತು.

ಅದು ಸಣ್ಣ ಧೂಳಿ, ಬೇಗ ಇಳಿಯಿತು. ಬಾಗಿಲು ತೆರೆದಾಗ ಮಲ್ಕಪ್ಪ ಮೊದಲು ಓಡಿಹೋಗಿ ನೋಡಿದ. ಅಕ್ಕ ನೆಲಕ್ಕೆ ಕೆನ್ನೆ ಆನಿಸಿ ಬಿದ್ದಿದ್ದಳು, ಉಗುರು ನೀಲಿಯಾಗಿದ್ದವು. ಅವನು ಅವಳನ್ನು ಎತ್ತಿಕೊಂಡು ಕೇರಿಯ ಮಧ್ಯಕ್ಕೆ ಬಂದು ಕೂಗಿಕೊಂಡ. ಬದುಕಿದಳು. ಕೂತು ಮಾತಾಡುವಷ್ಟಾದ ಮೇಲೆ ನಾನು ಹಾಳೆ ತೆರೆದು ನೋಡಿದೆ, ಆಗ ಇದೆಲ್ಲ ತಿಳಿಯಿತು.

ಮಲ್ಕಪ್ಪ ಸಿಟ್ಟಿನಲ್ಲಿ ನಿಮ್ಮ ಸಾಲನ್ನು ಅಳಿಸಿದ. ಮರುದಿನದ ಹೊಂದಾಣಿಕೆಯಲ್ಲಿ ಆ ಕೋಣೆ ಬೀಜಹಾಳೆಗೆ ಹೊಂದದ ಪರಕೀಯವೆಂದು ತೀರ್ಮಾನವಾಗಿ ಅದಕ್ಕೆ ಗಾಳಿಯೇ ನಿಂತಿತು. ಸಾಲನ್ನು ವಾಪಸು ಬರೆದ. ನಾನು ಅವ್ವನ ಮಾತನ್ನು ನಿಮ್ಮ ಸಾಲಿನ ಕೆಳಗೆ ಬರೆದೆ, ಕೊನೆಯ ಮಾತು ಅವಳದಾಗಲಿ ಎಂದು. ಬೆಳಗಾಗುವಷ್ಟರಲ್ಲಿ ಹೊಂದಾಣಿಕೆ ನಿಮ್ಮ ಸಾಲನ್ನು ಎತ್ತಿ ಮತ್ತೆ ಕೊನೆಗೆ ಕೂಡಿಸಿತ್ತು. ಅಕ್ಕನ ಕಣಜವನ್ನು ಮನೆಯ ಕಣಜದೊಳಗೆ ಸರಿಸೋಣ, ಇಲ್ಲವೆ ಉಗ್ರಾಣದ ನೇಮವನ್ನೇ ತಿದ್ದೋಣ ಎಂದರೆ, ಮೇಲಿನ ಕಣಜಗಳ ಬೀಗ ತೆರೆಯುವುದು ವರ್ಷಕ್ಕೊಮ್ಮೆ, ಕೂಡುದಿನದಂದು ಮಾತ್ರ. ಕೂಡುದಿನ ಇನ್ನೂ ದೂರವಿದೆ. ದೊಡ್ಡ ಧೂಳಿ ಅದಕ್ಕಿಂತ ಮೊದಲೇ ಬರುತ್ತದೆ. ಪ್ರತಿ ವರ್ಷವೂ ಮೊದಲೇ ಬರುತ್ತದೆ.

ಗೂಡುಗಳನ್ನು ನೋಡಿಕೊಳ್ಳುವ ಕಸ್ತೂರಮ್ಮನ ಹತ್ತಿರ ಹೋದೆ. ಬೀಗವನ್ನು ಅವಧಿಗೆ ಮುಂಚೆ ಒಡೆಯಲು ಕೇಳಿಕೊಂಡೆ, ಕಾಲು ಹಿಡಿದೆ. ಆಕೆ ಕೆಟ್ಟವಳಲ್ಲ, ನನ್ನ ಜೊತೆ ತಾನೂ ಅತ್ತಳು. ಆದರೆ ಒಂದು ಬೀಗ ಒಡೆದರೆ ಮೇಲಿನದಕ್ಕೆ ಲೆಕ್ಕ ತಪ್ಪುತ್ತದೆ, ಅದರ ಮೇಲಿನದಕ್ಕೂ ತಪ್ಪುತ್ತದೆ, ಕೇರಿಗೆ ಕೇರಿಯೇ ಪರಕೀಯವಾಗುತ್ತದೆ ಎಂದಳು. ಸುಳ್ಳಲ್ಲ. ಹಾಗಾದರೆ ಧೂಳಿ ಬರುವ ಹೊತ್ತಿಗೆ ಅಕ್ಕನನ್ನು ತವರಿಗೆ ಕರೆತಂದುಬಿಡೋಣವೆಂದು ಹೊರಟೆ. ಅದಕ್ಕೂ ನಿಮ್ಮ ಹಿರಿಮನೆಯ ನೇಮ ಅಡ್ಡ ಬಂತು: ಧೂಳಿಯಲ್ಲಿ ಬಾಗಿಲು ತನ್ನವರನ್ನು ಮಾತ್ರ ಒಳಗೆ ಬಿಡುತ್ತದೆ, ಹೊರಗೂಡಿನ ಸೊಸೆಯೂ ಸೇರಿ ಮನೆಯವರಲ್ಲಿ ಒಬ್ಬರು ಇಲ್ಲವೆಂದರೂ ಆ ಮನೆಯ ಯಾವ ಬಾಗಿಲೂ ಮುಚ್ಚುವುದಿಲ್ಲ. ಯಾರನ್ನೂ ಹೊರಗೆ ಬಿಟ್ಟು ಮುಚ್ಚಬಾರದೆಂದು ಕರುಣೆಯಿಂದ ಬರೆದದ್ದಿರಬೇಕು. ನಾನು ಅದನ್ನೂ ಲೆಕ್ಕಿಸಲಿಲ್ಲ. ಬಾ, ನಡಿ ಎಂದು ಅಕ್ಕನ ಕೈ ಹಿಡಿದು ಎಳೆದೆ.

ಅವಳು ಕೈ ಬಿಡಿಸಿಕೊಂಡಳು. ಬೈಯಲಿಲ್ಲ, ಅದರಿಂದಲೇ ನನಗೆ ಹೆದರಿಕೆಯಾದದ್ದು.

“ನಾ ಹೊರಗ ಬಂದ್ರ ಈ ಮನಿ ಬಾಗಿಲು ಒಂದೂ ಮುಚ್ಚಂಗಿಲ್ಲ, ಜಗು. ಅತ್ತಿ, ಮಾವ, ನನ್ನ ನೆಗೆಣ್ಣಿ ಕೂಸು, ಎಲ್ಲಾರೂ ಒಳಗ ಇರ್ತಾರ. ಆ ಕೂಸಿಗಿ ಇನ್ನಾ ಹಲ್ಲ್ ಸುದ್ದಾ ಬಂದಿಲ್ಲ. ನಾ ಎಲ್ಲೂ ಬರಂಗಿಲ್ಲ. ನೀ ಬರಿಯಾಕಿ ಇದ್ದಿ, ಏನಾರ ಬರಿ.”

ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ನೀವು ಕೇಡಿಗರಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಎಲ್ಲರೂ ಒಂದಾಗಿರಲೆಂದು ಬಯಸಿದಿರಿ. ಒಳಗೆ ಯಾರಿರಬಹುದು, ಅವರ ಎದೆ ಹೇಗಿರಬಹುದು ಎಂದು ಮಾತ್ರ ಯೋಚಿಸಲಿಲ್ಲ. ನಿಮ್ಮ ಎದುರಿಗೆ ಇದ್ದದ್ದು ಬರೀ ಹಾಳೆ.

ನಾನು ಕೇಳುವುದು ದೊಡ್ಡದೇನಲ್ಲ. ಆ ಸಾಲನ್ನು ಅಳಿಸಬೇಡಿ, ಅಳಿಸಿದರೆ ನಾವು ಯಾರೂ ಹುಟ್ಟುವುದಿಲ್ಲ. ಅದನ್ನು ಹಾಳೆಯ ಕೊನೆಯಿಂದ ಎತ್ತಿ ಮೊದಲಿಗೆ ಇಡಿ. ಮೇಲಿನವರು ಹೇಳುವುದನ್ನು ಮೊದಲು ಹೇಳಲಿ, ಎಲ್ಲರೂ ಕೇಳಲಿ. ಆಮೇಲೆ ಕೋಣೆ ತನ್ನ ಮಾತು ಹೇಳಲಿ. ನಿಮಗೆ ಹಿಡಿಯುವುದು ಒಂದು ಗಳಿಗೆಯ ಕೆಲಸ. ಸದ್ಯಕ್ಕೆ ಇರಲಿ ಎಂದು ಬರೆದವರು ನೀವೇ. ಆ ಸದ್ಯ ಮುಗಿದಿದೆ.

ನೀವು ಮಾಡಿದ ಕ್ಷಣವೇ ಅದರ ಫಲ ಇಲ್ಲಿಗೆ ತಲುಪುತ್ತದೆ. ಸಾಲು ಮೇಲಕ್ಕೆ ಹೋದರೆ ಅಕ್ಕನಿಗೆ ಏನೂ ಆಗಿರುವುದಿಲ್ಲ, ಈ ಕಾಗದಕ್ಕೆ ಕಾರಣವೂ ಇರುವುದಿಲ್ಲ; ನನ್ನ ಕೈ ನಡುವೆಯೇ ನಿಂತು, ಏನು ಬರೆಯಲು ಕೂತಿದ್ದೆ ಎಂದು ನಾನೇ ಮರೆತು ಎದ್ದು ಹೋಗುತ್ತೇನೆ. ಆ ಮರೆವಿಗಾಗಿ ಕಾಯುತ್ತ ಒಂದೊಂದು ಮಾತನ್ನೂ ನಿಧಾನಕ್ಕೆ ಬರೆದೆ. ಮೇಲಿನ ಕಾವಲಿನವರು ಈಗ ತುತ್ತೂರಿ ಊದುತ್ತಿದ್ದಾರೆ, ದೊಡ್ಡ ಧೂಳಿ ಎದ್ದಿದೆ. ಎಲ್ಲರೂ ಅವರವರ ಕೋಣೆಗೆ ಓಡುತ್ತಿದ್ದಾರೆ. ಅಕ್ಕನೂ ಹೋಗಿರುತ್ತಾಳೆ.

ನಾನಿನ್ನೂ ಬರೆಯುತ್ತಿದ್ದೇನೆ.